ಕೀಲಿಯ ಕಂಪನವೂ ಸಾಕ್ಷಿಯ ಎಣಿಕೆಯೂ

ಈಚೆಗೆ ನನ್ನ ಮೊಮ್ಮಗನು ನನ್ನದೊಂದು ಬರೆಹವನ್ನು ಗಣಕಯಂತ್ರದಲ್ಲಿ ಬೆರಳಚ್ಚಿಸುತ್ತಿರುವಾಗ, 'ಕತೆ' ಎಂದಿರಬೇಕಾದಲ್ಲಿ 'ಕತ್ತೆ' ಎಂದು ಮೂಡಿತು. ಇಂಗ್ಲಿಷ್ ಕೀಲಿಗಳಿಂದಲೇ ಕನ್ನಡವನ್ನು ಮೂಡಿಸುವ 'ಬರಹ'ದಂಥ ತಂತ್ರಾಂಶಗಳಲ್ಲಿ ತಕಾರದ ಕೀಲಿಯು ಎರಡು ಸಲ ಒತ್ತಲ್ಪಟ್ಟರೆ ಒತ್ತಕ್ಷರವಾಗಿಬಿಡುವದು. ಅವಸರಗೇಡಿಯೆಂದು ಹುಡುಗನನ್ನು ಗದರಿಸಿದೆನು. "ಅಜ್ಜಾ, ನಾ ಒಮ್ಮೆ ಅಷ್ಟ ಒತ್ತೇನಿ, ಕೀಬೋರ್ಡ ಹಳೇದಾಗೇತಿ" ಎಂದನು. ವಿಚಾರಿಸಲಾಗಿ ಅವನ ಮಾತೇ ನಿಜವಾಯಿತು.

ಅಂಥ ಕೀಲಿಯ ಕೆಳಗೆ ಲೋಹದ ಎರಡು ತೆಳು ಪಟ್ಟಿಗಳಿರುವವು. ಬೆರಳು ಒತ್ತಿದಾಗ ಅವು ಒಂದನ್ನೊಂದು ಮುಟ್ಟಿ ಕೂಡಲೆ ಸುಮ್ಮನಾಗವು. ಕಲ್ಲಿನ ಮೇಲೆ ಬಿದ್ದ ಹಿತ್ತಾಳೆಯ ತಟ್ಟೆಯಂತೆ ಪುಟಿದು ಪುಟಿದು ನಿಲ್ಲುವವು. ನಮಗೆ ಇದು ತಿಳಿಯದು. ಯಂತ್ರದ ಕಿವಿಯಾದರೋ ಅತಿ ಸೂಕ್ಷ್ಮ. ಪುಟಿದಷ್ಟೂ ಸಲ ಒತ್ತಿದರೆಂದು ಎಣಿಸೀತು. ಆದುದರಿಂದ ಕೀಲಿಮಣೆಯೊಳಗಿನ ಚಿಕ್ಕ ಗಣಕಕ್ಕೆ ತಾಳ್ಮೆಯನ್ನು ಕಲಿಸಿರುತ್ತಾರೆ: ಸಾಮಾನ್ಯವಾಗಿ 5 ಮಿಲಿಸೆಕೆಂಡಿನಷ್ಟು, ಎಂದರೆ ಸೆಕೆಂಡಿನ 200ರಲ್ಲೊಂದು ಪಾಲಿನಷ್ಟು ಕಾಲ ಕಂಪನವಡಗಿರುವದನ್ನು ಕಂಡ ಮೇಲೆಯೇ ಅದು ಒಂದು ಒತ್ತೆಂದು ಒಪ್ಪುವದು. ಇದಕ್ಕೆ ಡಿಬೌನ್ಸ್ ಎನ್ನುವರು. ಸವೆದ ಕೀಲಿಯ ಕಂಪನವು ಈ ಅವಧಿಯನ್ನು ಮೀರಲು, ಕತೆಯು ಕತ್ತೆಯಾಗುವದು. ಹಾಗೆಂದು ಅವಧಿಯನ್ನು ಬಹಳ ಹಿಗ್ಗಿಸಿದರೆ ಅಕ್ಷರಗಳು ತಡವಾಗಿ ಮೂಡುವವು. ನಿಜವಾದ ಎರಡನೆಯ ಒತ್ತೂ ನುಂಗಿಹೋದೀತು. ಬನಹಟ್ಟಿಯ ನೇಕಾರರಿಗೆ ಇದು ಹೊಸತಲ್ಲ. ಪೆಟ್ಟಿಗೆಯನ್ನು ಹೊಕ್ಕ ಲಾಳಿಯು ಮರಳಿ ಪುಟಿಯದಂತೆ ಒತ್ತಿ ಹಿಡಿಯುವ ಏರ್ಪಾಡು ಅವರ ಮಗ್ಗದಲ್ಲಿಯೂ ಉಂಟು. ಅದರ ಬಿಗಿ ಹೆಚ್ಚಿದರೂ ಕೇಡು, ತಗ್ಗಿದರೂ ಕೇಡು.

ಪಾಠಶಾಲೆಯಲ್ಲಿ ನಾವು ಧಾರಾವಾಹಿಕ ಜ್ಞಾನದ ಚರ್ಚೆಯನ್ನು ಓದಿದ್ದೆವು. ಒಂದೇ ಗಡಿಗೆಯನ್ನು ಎವೆಯಿಕ್ಕದೆ ನೋಡುತ್ತಿರುವಾಗ, ಮೊದಲಿನ ಅರಿವಿನಂತೆ ಮುಂದಿನ ಅರಿವುಗಳೂ ಪ್ರಮಾಣವೋ, ತಿಳಿದುದನ್ನೇ ತಿಳಿಸುವದರಿಂದ ಅಲ್ಲವೋ ಎಂದು ಶಾಸ್ತ್ರಕಾರರು ವಾದಿಸಿದ್ದಾರೆ. ನನಗೆ ಆಗ ಅದು ಒಣ ತರ್ಕವಾಗಿ ತೋರಿತ್ತು.

ಮಾಸ್ತರಿಕೆಗೆ ಸೇರಿದ ಹೊಸತರಲ್ಲಿ, ಜಮಖಂಡಿ ಸೀಮೆಯ ಒಂದು ಹಳ್ಳಿಯಲ್ಲಿ, ಒಬ್ಬ ಹುಡುಗನ ಲೇಖನಿಯು ಕಳೆಯಿತು. ನಾಲ್ವರು ಒಬ್ಬರ ಹಿಂದೊಬ್ಬರು ಬಂದು ಒಂದೇ ಹೆಸರನ್ನು ಹೇಳಿದರು. ನಾಲ್ಕು ಸಾಕ್ಷಿಗಳೆಂದು ಎಣಿಸಿ, ಆ ಹುಡುಗನನ್ನು ತರಗತಿಯ ಎದುರಿಗೆ ಹೊಡೆದೆನು. ವಾರದ ತರುವಾಯ ಲೇಖನಿಯು ಕಳಕೊಂಡವನ ಮನೆಯಲ್ಲಿಯೇ ಸಿಕ್ಕಿತು. ಕೇಳಿದರೆ, ಕಂಡವನು ಒಬ್ಬನೇ. ಅವನು ಕಂಡದ್ದೂ ಚೀಲದ ಬಳಿ ನಿಂತುದನ್ನಷ್ಟೇ. ಉಳಿದ ಮೂವರು ಅವನ ಬಾಯಿಂದ ಕೇಳಿದವರು. ಹೊಡೆತ ತಿಂದವನು ಮರಳಿ ಶಾಲೆಗೆ ಬರಲಿಲ್ಲ. ಈಗಲೂ ರಬಕವಿಯ ಸಂತೆಯಲ್ಲಿ ಕಂಡರೆ ಅವನೇ ಮೊದಲು ಕೈಮುಗಿಯುವನು.

ಆ ಮೇಲೆ ನಾನು ಬಹಳ ಕಾಯುವವನಾದೆನು. ಅದರಿಂದ ಗುಣವಾಯಿತೆಂದು ಹೇಳಲಾರೆನು. ವರುಷಗಳ ತರುವಾಯ, ಏಳನೆಯ ಇಯತ್ತೆಯ ಹುಡುಗಿಯೊಬ್ಬಳಿಗೆ ಮದುವೆ ಗೊತ್ತಾಗಿದೆಯೆಂದು ಅವಳ ಗೆಳತಿಯು ಬಂದು ಹೇಳಿದಳು. ಎರಡು ದಿನದ ಮೇಲೆ ಮತ್ತೊಬ್ಬಳು ಅದನ್ನೇ ಹೇಳಿದಳು. ಮೊದಲಿನ ಮಾತಿನ ಮಾರ್ದನಿಯೆಂದು ಬಗೆದು ಸುಮ್ಮನಿದ್ದೆನು. ಎರಡನೆಯವಳು ಆ ಮನೆಯ ಚಪ್ಪರದ ಕಂಬಗಳನ್ನು ಕಣ್ಣಾರೆ ಕಂಡು ಬಂದಿದ್ದಳು. ನಾನು ಹೋಗುವಷ್ಟರಲ್ಲಿ ಅಕ್ಷತೆ ಬಿದ್ದಿತ್ತು.

ಯಂತ್ರಕ್ಕೆ ಬೆರಳಿನ ವೇಗ ಗೊತ್ತಿರುವದರಿಂದ, ಎಷ್ಟು ಕಾಯಬೇಕೆಂಬುದನ್ನು ಅಳೆದು ಇಡಬಹುದು. ಮನುಷ್ಯರ ಮಾತಿನಲ್ಲಿ ಕಾಲದ ಅಳತೆಯೊಂದೇ ಸಾಲದು. ಎರಡನೆಯ ಸದ್ದು ಬೇರೆ ಬೆರಳಿನದೋ ಎಂದು ಕೇಳಬೇಕು. "ನೀ ಕಂಡೇನು, ಕೇಳಿದೇನು?" ಇಷ್ಟು ಕೇಳಲು ಎಷ್ಟು ಹೊತ್ತು ಬೇಕು? ಆ ಹುಡುಗಿಯು ಬಾಗಿಲಲ್ಲಿ ನಿಂತಿದ್ದಾಗ ನಾನು ಹಾಜರಿ ಬರೆಯುತ್ತಿದ್ದೆನು, ತಲೆಯೆತ್ತಲಿಲ್ಲ.