ಮೂಲಪ್ರತಿಯ ಹೊಣೆ

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಹಳೆಯ ಕಂಪ್ಯೂಟರನ್ನು ಒಪ್ಪುವುದಿಲ್ಲ. ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು, ಪ್ರೊಸೆಸರ್ ಇಂಥ ತಲೆಮಾರಿನದೇ ಆಗಿರಬೇಕು. ಕೋಟಕ್ಕೂ ಕುಂಭಾಶಿಗೂ ನಡುವೆ, ಹೆದ್ದಾರಿಯ ಎರಡೂ ಬದಿಗೆ ಚಾಚಿಕೊಂಡ ನಮ್ಮ ತೆಕ್ಕಟ್ಟೆಯ ಆಸುಪಾಸಿನ ಶಾಲೆಗೆ ಕಂಪ್ಯೂಟರ್ ಬರುವುದೇ ಹೆಚ್ಚಾಗಿ ದಾನವಾಗಿ. ಬೆಂಗಳೂರಲ್ಲೋ ಮುಂಬಯಿಯಲ್ಲೋ ಹೋಟೆಲ್ ಇಟ್ಟು ನೆಲೆ ನಿಂತ ಹಳೆ ವಿದ್ಯಾರ್ಥಿ ಕೊಟ್ಟದ್ದು, ಯಾವುದೋ ಕಚೇರಿ ಹೊಸತು ಕೊಂಡಾಗ ಬಿಟ್ಟುಕೊಟ್ಟದ್ದು. ಯಂತ್ರ ಕೆಟ್ಟಿಲ್ಲ. ಲಿನಕ್ಸ್ ಹಾಕಿಕೊಂಡರೆ ಮಕ್ಕಳ ಕೆಲಸಕ್ಕೆ ಇನ್ನೂ ಎಷ್ಟೋ ವರ್ಷ ಧಾರಾಳವಾಗಿ ಸಾಕು. ಆದರೆ ಒಂದೊಂದಕ್ಕೂ ಪೆನ್‌ಡ್ರೈವ್ ಚುಚ್ಚಿ, ಓಎಸ್ ಹಾಕಿ, ಕನ್ನಡ ಕೀಲಿಮಣೆ, ಲಿಬ್ರೆಆಫೀಸ್, ಜಿಯೋಜೀಬ್ರಾ ಎಲ್ಲ ಸೇರಿಸುತ್ತ ಕೂತರೆ ಇಪ್ಪತ್ತು ಯಂತ್ರಕ್ಕೆ ವಾರವೇ ಹಿಡಿದೀತು. ಪಾಠ ಮಾಡುವ ಮೇಷ್ಟ್ರಿಗೆ ಆ ವಾರ ಎಲ್ಲಿಂದ ಸಿಗಬೇಕು?

ಅದಕ್ಕೇ ಇರುವುದು ಇಮೇಜ್ ತೆಗೆಯುವ ಪದ್ಧತಿ. ಒಂದು ಯಂತ್ರವನ್ನು ಮನಸ್ಸಿಟ್ಟು ಸಿದ್ಧ ಮಾಡುವುದು, ಅದರ ಡಿಸ್ಕನ್ನು ಇದ್ದದ್ದು ಇದ್ದ ಹಾಗೇ ಒಂದು ಕಡತವಾಗಿ ಎತ್ತಿಟ್ಟುಕೊಳ್ಳುವುದು, ಆಮೇಲೆ ಲ್ಯಾನ್ ಕೇಬಲ್ಲಿನ ಮೂಲಕ ಉಳಿದ ಎಲ್ಲಕ್ಕೂ ಒಟ್ಟಿಗೆ ಇಳಿಸುವುದು. ಹಿಂದೆ ಕಂಪ್ಯೂಟರ್ ಅಂಗಡಿಗಳಲ್ಲಿ ಇದಕ್ಕೆ ಘೋಸ್ಟ್ ಎಂಬ ತಂತ್ರಾಂಶವಿತ್ತು. ನ್ಯೂಜಿಲೆಂಡಿನಲ್ಲಿ ಹುಟ್ಟಿದ ಅದನ್ನು 1998ರಲ್ಲಿ ಸಿಮ್ಯಾಂಟೆಕ್ ಕೊಂಡುಕೊಂಡಿತು. ನಾರ್ಟನ್ ಘೋಸ್ಟ್ ಎಂಬ ಹೆಸರಿನಲ್ಲಿ ಮಾರುತ್ತಿದ್ದುದನ್ನು 2013ರಲ್ಲಿ ನಿಲ್ಲಿಸಿತು. ಈಗ ನಮ್ಮಂಥವರ ಕೈಯಲ್ಲಿರುವುದು ಮುಕ್ತ ತಂತ್ರಾಂಶಗಳು. ಅಮೆರಿಕದಲ್ಲಿ 2007ರಲ್ಲಿ ಶುರುವಾದ ಫಾಗ್ ಇದೆ. ತೈವಾನಿನ ರಾಷ್ಟ್ರೀಯ ಹೈ-ಪರ್ಫಾರ್ಮೆನ್ಸ್ ಕಂಪ್ಯೂಟಿಂಗ್ ಕೇಂದ್ರದಲ್ಲಿ ಸ್ಟೀವನ್ ಶಿಯಾವು ಮತ್ತು ಅವರ ಸಂಗಡಿಗರು ಬೆಳೆಸಿದ ಕ್ಲೋನ್‌ಝಿಲ್ಲಾ ಇದೆ. ಇವನ್ನು ಯಾರೂ ಅಂಗಡಿ ಮುಚ್ಚಿ ಒಯ್ಯುವ ಹಾಗಿಲ್ಲ.

ಕೆಲಸ ನಡೆಯುವುದನ್ನು ಹತ್ತಿರ ಕೂತು ನೋಡಬೇಕು. ಮಗು ಎಫ್12 ಒತ್ತುತ್ತದೆ. ಕಂಪ್ಯೂಟರ್ ತನ್ನ ಡಿಸ್ಕಿನ ಕಡೆ ಹೋಗದೆ, ನನಗೊಂದು ವಿಳಾಸ ಕೊಡಿ ಎಂದು ಕೇಬಲ್ಲಿನಲ್ಲಿ ಕೂಗು ಹಾಕುತ್ತದೆ. ಸರ್ವರ್ ಆದ ಯಂತ್ರ ವಿಳಾಸ ಕೊಟ್ಟು, ಚಾಲೂ ಆಗಲು ಬೇಕಾದ ಪುಟ್ಟ ಕಡತವನ್ನೂ ಕೊಡುತ್ತದೆ. ಇಂಟೆಲ್ ಕಂಪನಿ ತೊಂಬತ್ತರ ದಶಕದ ಕೊನೆಗೆ ರೂಪಿಸಿದ ಪಿಎಕ್ಸ್ಇ ಎಂಬ ಕ್ರಮ ಇದು. ಆಮೇಲೆ ನೀಲಿ ಪರದೆಯ ನಡುವೆ ಬೂದು ಚೌಕ, ಅದರೊಳಗೆ ಏರುವ ಶೇಕಡಾ ಅಂಕಿ. ಅಲ್ಲಿ ದುಡಿಯುತ್ತಿರುವ ತಂತ್ರಾಂಶ ಪಾರ್ಟ್‌ಕ್ಲೋನ್. ಡಿಸ್ಕಿನಲ್ಲಿ ಖಾಲಿ ಬಿದ್ದ ಜಾಗವನ್ನು ಬಿಟ್ಟು, ಬಳಕೆಯಾದ ಬ್ಲಾಕುಗಳನ್ನು ಮಾತ್ರ ಅದು ಎತ್ತುತ್ತದೆ. ಒಂದೇ ಪ್ರಸಾರದಲ್ಲಿ ಎಲ್ಲ ಯಂತ್ರಕ್ಕೂ ಕಳಿಸುವ ಮಲ್ಟಿಕಾಸ್ಟ್ ಬಳಸಿ 5.6 ಜಿಬಿಯ ಇಮೇಜನ್ನು 41 ಕಂಪ್ಯೂಟರಿಗೆ ಸುಮಾರು ಹತ್ತೇ ನಿಮಿಷದಲ್ಲಿ ಇಳಿಸಿದ್ದೇವೆ ಎಂದು ಕ್ಲೋನ್‌ಝಿಲ್ಲಾದವರು ಬರೆದುಕೊಂಡಿದ್ದಾರೆ.

ಈ ಮಲ್ಟಿಕಾಸ್ಟಿನ ಒಂದು ಗುಣ ನನಗೆ ಬಹಳ ಇಷ್ಟ. ಸರ್ವರ್ ಒಂದು ಕಂತು ಕಳಿಸಿ, ಬಂತೇ ಎಂದು ಎಲ್ಲರನ್ನೂ ಕೇಳುತ್ತದೆ. ಮೂಲೆಯ ಯಂತ್ರದ ಡಿಸ್ಕ್ ಮಂದವಾಗಿದ್ದರೆ, ಅದರ ಕೇಬಲ್ಲಿನ ತುದಿ ಉಪ್ಪುಗಾಳಿಗೆ ಹಸಿರುಗಟ್ಟಿದ್ದರೆ, ಅದು ಹೂಂ ಎನ್ನುವವರೆಗೂ ಮುಂದಿನ ಕಂತು ಯಾರಿಗೂ ಇಲ್ಲ. ದೇವಸ್ಥಾನದ ಪಂಕ್ತಿಯಲ್ಲಿ ಕೊನೆಯ ಎಲೆಯವರು ಉಂಡು ಮುಗಿಸದೆ ಗೋವಿಂದ ಹೇಳಿ ಏಳುವಂತಿಲ್ಲವಲ್ಲ, ಹಾಗೆ. ಕೆಲಸ ತಡವಾಗುತ್ತದೆಂದು ಕೆಲವರು ಆ ಒಂದು ಯಂತ್ರದ ಕೇಬಲ್ ಕಿತ್ತುಬಿಡುತ್ತಾರೆ; ಉಳಿದವು ಓಡತೊಡಗುತ್ತವೆ. ಕಿತ್ತರೆ ತಪ್ಪೆಂದಲ್ಲ, ಆದರೆ ಆಮೇಲೆ ಅದನ್ನು ಬೇರೆಯಾಗಿ ಕೂರಿಸಿ ಸರಿಮಾಡಲೇಬೇಕು. ಕಿತ್ತವರು ಮರೆತರೆ ನಾಳೆ ಆ ಮೂಲೆಗೆ ಹೋಗಿ ಕೂರುವುದು ಒಂದು ಮಗು.

ನನ್ನನ್ನು ಕಾಡುವ ವಿಚಾರ ಇದಕ್ಕಿಂತ ಹಿಂದಿನದು. ಪ್ರತಿ ತೆಗೆಯುವ ತಂತ್ರಾಂಶಕ್ಕೆ ಒಳ್ಳೆಯದು ಕೆಟ್ಟದ್ದರ ಗೊಡವೆ ಇಲ್ಲ. ಮೂಲಯಂತ್ರ ಸಿದ್ಧ ಮಾಡಿದವನು ತನ್ನ ಇಮೇಲ್‌ನಿಂದ ಹೊರಬರಲು ಮರೆತಿದ್ದರೆ ಇಪ್ಪತ್ತು ಪರದೆಯಲ್ಲೂ ಅವನ ಪತ್ರಗಳು ತೆರೆದುಕೊಳ್ಳುತ್ತವೆ. ಲಿನಕ್ಸ್ ತನ್ನನ್ನು ಗುರುತಿಸಿಕೊಳ್ಳಲು ಇಟ್ಟುಕೊಂಡ ಮಷೀನ್-ಐಡಿಯನ್ನು ಅಳಿಸದೆ ಇಮೇಜ್ ತೆಗೆದರೆ ಎಲ್ಲ ಪ್ರತಿಗಳೂ ನಾನೇ ಅವನು ಎಂದು ಹೊರಟು, ಒಂದೇ ವಿಳಾಸಕ್ಕೆ ಜಗಳಾಡುವುದುಂಟು. ದಾನ ಬಂದ ಯಂತ್ರವನ್ನೇ ಮೂಲವಾಗಿ ಹಿಡಿದು, ಡಿಸ್ಕಿನ ಪ್ರತಿ ಸೆಕ್ಟರನ್ನೂ ನಕಲು ಮಾಡುವ ಕ್ರಮ ಆರಿಸಿಕೊಂಡರಂತೂ ಹಿಂದಿನ ಒಡೆಯ ಅಳಿಸಿಹಾಕಿದ ಫೋಟೋ, ಲೆಕ್ಕಪತ್ರಗಳ ಚೂರುಗಳೂ ಜೊತೆಗೇ ಹೋಗುತ್ತವೆ. ಬಿಡಿಯಾಗಿ ಮಾಡಿದ ಕೆಲಸದಲ್ಲಿ ತಪ್ಪು ಇದ್ದಲ್ಲೇ ಇರುತ್ತದೆ. ಪ್ರತಿಯಾಗುವ ಕೆಲಸದಲ್ಲಿ ಅದು ಊರೆಲ್ಲ ಹೋಗುತ್ತದೆ.

ನಮ್ಮ ನಾಡಿನ ಓಲೆಗರಿ ಗ್ರಂಥಗಳ ಕೊನೆಯಲ್ಲಿ ಲಿಪಿಕಾರರು ಎರಡು ಮಾತು ಬರೆದಿಡುವ ರೂಢಿಯಿತ್ತು. ಒಂದು: ನಾನು ಕಂಡ ಪ್ರತಿಯಲ್ಲಿ ಹೇಗಿತ್ತೋ ಹಾಗೇ ಬರೆದಿದ್ದೇನೆ, ಸರಿಯಿರಲಿ ತಪ್ಪಿರಲಿ, ದೋಷ ನನ್ನದಲ್ಲ. ಇನ್ನೊಂದು: ಬೆನ್ನು ಸೊಂಟ ಕುತ್ತಿಗೆ ನುಗ್ಗಾಗುವಂತೆ ತಲೆ ಬಗ್ಗಿಸಿ ಕಷ್ಟದಿಂದ ಬರೆದದ್ದು, ಜೋಪಾನ ಮಾಡಿ. ಮುಕ್ತ ತಂತ್ರಾಂಶಗಳ ಪರವಾನಗಿ ಓದುವಾಗಲೆಲ್ಲ ನನಗೆ ಈ ಮೊದಲನೆಯ ಮಾತು ನೆನಪಾಗುತ್ತದೆ. 1991ರ ಜೂನ್‌ನಲ್ಲಿ ಬಂದ ಜಿಪಿಎಲ್ ಎಂಬ ಪರವಾನಗಿಯ ಎರಡನೇ ಆವೃತ್ತಿಯ 11ನೇ ಕಲಮು ಎದ್ದು ಕಾಣುವಂತೆ ಪೂರ್ತಿ ದೊಡ್ಡಕ್ಷರದಲ್ಲೇ ಇದೆ. ಪುಕ್ಕಟೆ ಕೊಡುತ್ತಿರುವುದರಿಂದ, ಕಾನೂನು ಒಪ್ಪುವ ಮಟ್ಟಿಗೆ, ಇದಕ್ಕೆ ಯಾವ ಖಾತರಿಯೂ ಇಲ್ಲ ಎಂದು ಅದರ ಸಾರಾಂಶ. ಹೊಣೆ ನಮ್ಮದಲ್ಲ. ಕಾನೂನಿನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಆದರೆ ಅದೇ ಪರವಾನಗಿಯಡಿ ಬರುವ ಕ್ಲೋನ್‌ಝಿಲ್ಲಾ ಏನು ಮಾಡುತ್ತದೆ ನೋಡಿ. ಡಿಸ್ಕಿನ ಮೇಲೆ ಇಮೇಜ್ ಇಳಿಸುವುದೆಂದರೆ ಅಲ್ಲಿ ಮೊದಲಿದ್ದುದೆಲ್ಲ ನಾಶವಾಯಿತೆಂದೇ ಅರ್ಥ. ಎಸ್‌ಡಿಎ ಎಂಬ ಡಿಸ್ಕನ್ನು ಆರಿಸುವಲ್ಲಿ ಎಸ್‌ಡಿಬಿ ಎಂದು ಆರಿಸಿದರೆ ಸಾಕು, ಯಾರದೋ ಮಗಳ ಮದುವೆಯ ಫೋಟೋಗಳು ಹೋದವು. ಆದ್ದರಿಂದ ಅದು ಯಾವ ಡಿಸ್ಕ್, ಯಾವ ಕಂಪನಿಯದು, ಎಷ್ಟು ದೊಡ್ಡದು ಎಂದೆಲ್ಲ ತೋರಿಸಿ, ಮುಂದುವರಿಯುವುದು ಖಂಡಿತವೇ ಎಂದು ಕೇಳುತ್ತದೆ. ವೈ ಒತ್ತುತ್ತೇವೆ. ಆಮೇಲೆ, ಇನ್ನೊಮ್ಮೆ ಕೇಳುತ್ತೇನೆ ಎಂದು ಹೇಳಿಯೇ ಇನ್ನೊಮ್ಮೆ ಕೇಳುತ್ತದೆ. ಇಮೇಜ್ ಎತ್ತಿಟ್ಟ ಮೇಲೂ ಹಾಗೇ, ಅದು ಮತ್ತೆ ಇಳಿಸಲು ಬರುವಂತಿದೆಯೇ ಎಂದು ಪರಿಶೀಲಿಸುವ ಹಂತವನ್ನು ತಾನಾಗಿಯೇ ಇಟ್ಟಿದೆ. ಬೇಡವೆಂದರೆ ನಾವೇ ಬೇಡವೆಂದು ಆರಿಸಬೇಕು. ಇದನ್ನು ಬರೆದವರಿಗೆ ತೆಕ್ಕಟ್ಟೆ ಎಲ್ಲಿದೆಯೆಂದು ಗೊತ್ತಿರಲಾರದು. ಕೇಸು ಹಾಕುವವರು ಯಾರೂ ಇಲ್ಲ. ಖಾತರಿ ಇಲ್ಲವೆಂದು ಬರೆದುಕೊಟ್ಟ ಮೇಲೂ ಎರಡನೇ ಸಲ ಕೇಳುವ ಆ ಸಾಲನ್ನು ಒಬ್ಬರು ಕೂತು ಬರೆದಿದ್ದಾರೆ. ಲಿಪಿಕಾರನ ಎರಡನೆಯ ಮಾತು ನನಗೆ ಕೇಳಿಸುವುದು ಇಲ್ಲಿ. ಬೆನ್ನು ಮುರಿಯುವಷ್ಟು ದುಡಿದು ದೋಷ ನನ್ನದಲ್ಲ ಎನ್ನುವವನು ತನ್ನ ಮಿತಿಯನ್ನು ಪ್ರಾಮಾಣಿಕವಾಗಿ ಹೇಳಿಕೊಳ್ಳುತ್ತಿದ್ದಾನೆ. ಪರೀಕ್ಷಿಸದೆ, ಮುಟ್ಟಿಯೂ ನೋಡದೆ ಅದೇ ಮಾತು ಹೇಳುವವನದು ನುಣುಚಿಕೊಳ್ಳುವ ದಾರಿ. ಅಕ್ಷರ ಒಂದೇ, ಆಡುವ ನಾಲಿಗೆಯ ಹಿಂದಿರುವ ಬದುಕು ಬೇರೆ.

ಪರೀಕ್ಷೆ ಎಂಬ ಕೆಲಸಕ್ಕೆ ನಮ್ಮಲ್ಲಿ ಮರ್ಯಾದೆ ಕಡಿಮೆ. ಕಟ್ಟಿದವರಿಗೆ ಹೆಸರಿದೆ, ಉದ್ಘಾಟಿಸಿದವರಿಗೆ ಶಾಲು ಇದೆ, ನಲ್ವತ್ತು ಬಗೆಯ ಹಳೆ ಮದರ್‌ಬೋರ್ಡಿನಲ್ಲಿ ಮತ್ತೆ ಮತ್ತೆ ಚಾಲೂ ಮಾಡಿ ನೋಡಿದವರು ಯಾರಿಗೂ ಕಾಣುವುದಿಲ್ಲ. ಕ್ಲೋನ್‌ಝಿಲ್ಲಾ ಎರಡು ಬಗೆಯಲ್ಲಿ ಹೊರಬರುತ್ತದೆ: ಸ್ಥಿರ ಆವೃತ್ತಿ, ಪರೀಕ್ಷಾ ಆವೃತ್ತಿ. ಪರೀಕ್ಷಾ ಆವೃತ್ತಿಯನ್ನು ಇಳಿಸಿಕೊಂಡು ತಮ್ಮ ಯಂತ್ರದ ಮೇಲೆ ಹಾಕಿ ಏಟು ತಿಂದವರಿಂದಲೇ ಸ್ಥಿರ ಆವೃತ್ತಿ ಸ್ಥಿರವಾಗುವುದು. ಮತ್ತೆ, ತೈವಾನಿನಲ್ಲೋ ಬೆಂಗಳೂರಲ್ಲೋ ಕೂತವರು ಮಾಡಲಾಗದ ಪರೀಕ್ಷೆಗಳೂ ಇವೆ. ಜುಲೈ ತಿಂಗಳ ಮಳೆಗೆ ಕರೆಂಟು ಹೋಗಿ ಬಂದು ಮಾಡುತ್ತಿರುವಾಗ, ಯುಪಿಎಸ್ ಬ್ಯಾಟರಿ ಸತ್ತಿರುವಾಗ, ಅರ್ಧ ಇಳಿದ ಇಮೇಜ್ ಏನಾಗುತ್ತದೆ? ನವರಾತ್ರಿ ಹೊತ್ತಿನ ಸಿಡಿಲಿಗೆ ಸ್ವಿಚ್ಚಿನ ಎರಡು ಪೋರ್ಟ್ ಸುಟ್ಟುಹೋದ ಲ್ಯಾಬಿನಲ್ಲಿ ಮಲ್ಟಿಕಾಸ್ಟ್ ಹೇಗೆ ನಡೆದುಕೊಳ್ಳುತ್ತದೆ? ಉತ್ತರ ಇಲ್ಲಿಂದಲೇ ಹೋಗಬೇಕು.

ಕಾಸರಗೋಡನ್ನು ನೋಡಿ. ಕೇರಳದ ಐಟಿ@ಸ್ಕೂಲ್ ಯೋಜನೆ 2001ರಲ್ಲಿ ಶುರುವಾಗಿ, 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ರಾಜ್ಯದ ಸರಕಾರಿ, ಅನುದಾನಿತ ಶಾಲೆಗಳು ಉಬುಂಟು ಲಿನಕ್ಸಿನಿಂದ ರೂಪಿಸಿದ ಒಂದೇ ವ್ಯವಸ್ಥೆಯನ್ನು ಬಳಸುತ್ತವೆ. 2019ರಲ್ಲಿ ಹೊಸ ಆವೃತ್ತಿ ಬಂದಾಗ ಅದು ಎರಡು ಲಕ್ಷಕ್ಕೂ ಮೇಲ್ಪಟ್ಟ ಕಂಪ್ಯೂಟರುಗಳಿಗೆ ಎಂದು ಹೇಳಲಾಗಿತ್ತು. ಗಡಿನಾಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಇಷ್ಟು ದೊಡ್ಡ ಮೂಲಪ್ರತಿಯಲ್ಲಿ ‘ರ‍್ಯಾಂಕ್’ ಎಂದು ಟೈಪಿಸಿದರೆ ಅರ್ಕಾವೊತ್ತು ಬಂದು ‘ರ್ಯಾಂಕ್’ ಎಂದು ಕೂರುವ ತಪ್ಪೊಂದು ಉಳಿದಿದ್ದರೆ ಅದು ತಿರುವನಂತಪುರದಲ್ಲಿ ಯಾರ ಕಣ್ಣಿಗೂ ಬೀಳದು. ಮಂಜೇಶ್ವರದ, ಕುಂಬಳೆಯ ಮೇಷ್ಟ್ರು ಕೂತು ಹೇಳಿದರೆ ಮಾತ್ರ ಸರಿಹೋದೀತು. ಸಂಖ್ಯೆಯಲ್ಲಿ ಕಡಿಮೆ ಇರುವವರು ಪರೀಕ್ಷೆಗೆ ಕೂರದಿದ್ದರೆ ಅವರ ಕಷ್ಟ ಯಾರ ಲೆಕ್ಕಕ್ಕೂ ಬರುವುದಿಲ್ಲ.

ನಾವು ತೀರಿಸಬಹುದಾದ ಋಣ ಇದೊಂದೇ ಎಂದು ನನಗನ್ನಿಸುತ್ತದೆ. ಹಣ ಕಳಿಸುವವರು ಕಳಿಸಲಿ. ನಮ್ಮಲ್ಲಿ ಎಲ್ಲರಿಗೂ ಸಾಧ್ಯವಿರುವುದು ಕಂಡದ್ದನ್ನು ಕಂಡ ಹಾಗೆ ಬರೆದು ತಿಳಿಸುವುದು. ಕೇಳಿದರೆ ಸುಲಭ, ಮಾಡಲು ಕಷ್ಟ. ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಲ್ಯಾಬಿನಿಂದ ಕೂಗಿದ್ದು ಹೀಗೆ:

“ಸರ್, ಇದೊಂದ್ ಮಿಷಿನ್ ಮಾತ್ರ ಬತ್ತಿಲ್ಲೆ.”

“ಬತ್ತಿಲ್ಲೆ ಅಂದ್ರೆ ಎಂತ? ಕಂಡದ್ದ್ ಕಂಡಂಗೆ ಹೇಳ್ ಕಾಂಬ.”

“ಕಪ್ಪ್ ಸ್ಕ್ರೀನ್ ಬತ್ತ್, ಎರಡ್ ಗೆರಿ ಬತ್ತ್, ಮತ್ತೆ ಅಲ್ಲೇ ನಿಲ್ತ್.”

“ಕೇಬಲ್ ಬದ್ಲ್ ಮಾಡಿ ಕಂಡ್ಯಾ?”

“ಮಾಡ್ದೆ ಸರ್. ಪಕ್ಕದ್ ಮಿಷಿನಿನ ಕೇಬಲ್ಲೇ ಹಾಕ್ದೆ. ಆಗ್ಳೂ ಅಲ್ಲೇ ನಿಂತಿತ್.”

ಇದಕ್ಕಿಂತ ಒಳ್ಳೆಯ ವರದಿ ದೊಡ್ಡವರಿಂದ ಬರುವುದು ಅಪರೂಪ. ಬರುತ್ತಿಲ್ಲ ಎಂದು ಬಿಟ್ಟು ಎದ್ದು ಹೋಗಲಿಲ್ಲ. ನಿಂತದ್ದು ಎಲ್ಲಿ ಎಂದು ನೋಡಿದ್ದಾಳೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ ಮತ್ತೆ ನೋಡಿದ್ದಾಳೆ. ತನಗನ್ನಿಸಿದ್ದನ್ನು ಕಂಡದ್ದರೊಳಗೆ ಬೆರೆಸಿಲ್ಲ. ಆ ಯಂತ್ರ ಯುಇಎಫ್‌ಐ ಎಂಬ ಹೊಸ ಕ್ರಮದಲ್ಲಿ ಚಾಲೂ ಆಗುತ್ತಿತ್ತು, ಉಳಿದವು ಹಳೆಯ ಬಯೋಸ್ ಕ್ರಮದಲ್ಲಿ. ಎರಡಕ್ಕೂ ಬೇಕಾದ ಚಾಲನಾ ಕಡತ ಬೇರೆ ಬೇರೆ, ಸರ್ವರ್ ಕೊಡುತ್ತಿದ್ದುದು ಒಂದನ್ನೇ. ಕೇಬಲ್ ನಿರ್ದೋಷಿ ಎಂದು ಅವಳು ಮೊದಲೇ ತೋರಿಸಿಕೊಟ್ಟಿದ್ದರಿಂದ ಹುಡುಕಲು ಹೊತ್ತು ಹಿಡಿಯಲಿಲ್ಲ. ಸಾಕ್ಷಿ ಹೇಳುವವನು ತಾನು ಕಂಡಷ್ಟನ್ನೇ ಹೇಳಬೇಕೆಂಬ ಪಾಠವನ್ನು ನೀತಿಪಾಠದ ಪೀರಿಯಡ್ಡಿನಲ್ಲಿ ಕಲಿಸುವುದು ಕಷ್ಟ. ಇಲ್ಲಿ ಅದನ್ನು ಕಲಿಯದೆ ಯಂತ್ರ ಏಳುವುದೇ ಇಲ್ಲ.

ಇನ್ನು ಎತ್ತಿಟ್ಟ ಇಮೇಜಿನ ಮಾತು. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕಿಗೆ ತುಂಬಿ, ಮೇಲೆ ಚೀಟಿ ಅಂಟಿಸಿ, ಕಪಾಟಿನಲ್ಲಿ ಇಟ್ಟರೆ ಎಲ್ಲ ಭದ್ರವೆಂಬ ನೆಮ್ಮದಿ ಎಲ್ಲ ಕಡೆಯೂ ಇದೆ. ಇಳಿಸಿ ನೋಡದ ಇಮೇಜ್ ಇನ್ನೂ ಬರಿಯ ನಂಬಿಕೆ. ಮಳೆಗಾಲದ ತೇವಕ್ಕೆ ಕಪಾಟಿನೊಳಗಿನ ಡಿಸ್ಕಿಗೆ ಏನಾಯಿತೆಂದು ಹೊರಗಿನಿಂದ ತಿಳಿಯುವುದಿಲ್ಲ. ಪರಿಶೀಲನೆಯ ಹಂತ ಆ ದಿನ ಸರಿಯೆಂದು ಹೇಳಿದ್ದು ಆ ದಿನಕ್ಕೆ ಮಾತ್ರ. ಇಳಿಸುವ ಡಿಸ್ಕ್ ಮೂಲಕ್ಕಿಂತ ಚಿಕ್ಕದಾದರೆ ಸಾಮಾನ್ಯವಾಗಿ ಇಮೇಜ್ ಕೂರುವುದಿಲ್ಲ. 500 ಜಿಬಿಯ ಹಳೆ ಡಿಸ್ಕ್ ಸತ್ತು, ಅದರ ಜಾಗಕ್ಕೆ 256 ಜಿಬಿಯ ಎಸ್‌ಎಸ್‌ಡಿ ತಂದ ದಿನ ಇದು ಗೊತ್ತಾಗುತ್ತದೆ, ಅದೂ ಪರೀಕ್ಷೆಯ ಹಿಂದಿನ ದಿನ. ಮೊದಲೇ ಗೊತ್ತಿದ್ದರೆ ಮೂಲಯಂತ್ರವನ್ನು ಚಿಕ್ಕ ಡಿಸ್ಕಿನಲ್ಲೇ ಸಿದ್ಧ ಮಾಡಬಹುದಿತ್ತು.

ಇದನ್ನೆಲ್ಲ ಬಲ್ಲ ಹುಡುಗರು ನಮ್ಮೂರಲ್ಲಿ ಇಲ್ಲದಿಲ್ಲ. ಇದ್ದವರು ಡಿಪ್ಲೊಮಾ ಮುಗಿಸಿ ಬೆಂಗಳೂರಿಗೆ ಹೋಗುತ್ತಾರೆ, ಹೋಗಲೇಬೇಕು. ಅವರ ಜೊತೆಗೆ ಸರ್ವರಿನ ಪಾಸ್‌ವರ್ಡೂ ಹೋಗಿಬಿಡುತ್ತದೆ. ಆದ್ದರಿಂದ ಲ್ಯಾಬಿನಲ್ಲಿ ಕನ್ನಡದಲ್ಲಿ ಬರೆದ ಒಂದು ನೋಟ್‌ಬುಕ್ ಇರಬೇಕು: ಯಾವ ಯಂತ್ರ ಯುಇಎಫ್‌ಐ, ಯಾವ ಪೋರ್ಟ್ ಸುಟ್ಟಿದೆ, ಇಮೇಜ್ ತೆಗೆಯುವ ಮೊದಲು ಏನೇನು ಅಳಿಸಬೇಕು, ಕೊನೆಯ ಸಲ ಇಳಿಸಿ ನೋಡಿದ್ದು ಯಾವಾಗ. ಪಾಸ್‌ವರ್ಡನ್ನು ಮಾತ್ರ ಅದರಲ್ಲಿ ಬರೆಯದೆ, ಲಕೋಟೆಯಲ್ಲಿಟ್ಟು ಅಂಟಿಸಿ ಮುಖ್ಯೋಪಾಧ್ಯಾಯರ ಕೈಗೆ ಕೊಡಬೇಕು. ವರ್ಷಕ್ಕೆ ಎರಡು ಸಲ, ಶಾಲೆ ಶುರುವಾಗುವ ಮೊದಲೊಮ್ಮೆ, ದಸರಾ ರಜೆಯಲ್ಲೊಮ್ಮೆ, ಒಂದು ಯಂತ್ರದ ಡಿಸ್ಕ್ ಬಿಚ್ಚಿಟ್ಟು, ಬೇರೊಂದು ಖಾಲಿ ಡಿಸ್ಕ್ ಹಾಕಿ, ಇಮೇಜನ್ನು ಪೂರ್ತಿ ಇಳಿಸಿ, ಕನ್ನಡದಲ್ಲಿ ಒಂದು ಪುಟ ಟೈಪಿಸಿ ನೋಡಬೇಕು. ಅದನ್ನು ಒಂಬತ್ತನೇ ಕ್ಲಾಸಿನ ಇಬ್ಬರೂ ಎಂಟನೇ ಕ್ಲಾಸಿನ ಇಬ್ಬರೂ ಸೇರಿ ಮಾಡಲಿ, ದೊಡ್ಡವರು ಹಿಂದೆ ನಿಂತಿರಲಿ. ಮುಂದಿನ ವರ್ಷ ಎಂಟನೆಯವರು ಒಂಬತ್ತಕ್ಕೆ ಹೋಗಿ, ಹೊಸಬರಿಗೆ ಹೇಳಿಕೊಡುತ್ತಾರೆ.