ಬಿಸಿಗೂ ಒಂದು ದಾರಿ ಬೇಕು



ಕಳೆದ ಭಾನುವಾರ ನಮ್ಮ ಅಧ್ಯಯನ ಬಳಗದಲ್ಲಿ ಓದಿದ ಪ್ರಸಂಗ ನಿಮಗೆ ನೆನಪಿರಬಹುದು. ಒಬ್ಬ ಬ್ರಾಹ್ಮಣ ಬಂದು ಭಗವಾನ್ ಬುದ್ಧರನ್ನು ಬಾಯಿಗೆ ಬಂದಂತೆ ಬೈಯುತ್ತಾನೆ. ನೆಂಟರಿಗೆ ಬಡಿಸಿದ ಊಟವನ್ನು ಅವರು ಮುಟ್ಟದಿದ್ದರೆ ಅದು ಯಾರದಾಗುತ್ತದೆ ಎಂದು ಬುದ್ಧರು ಕೇಳುತ್ತಾರೆ. ಬಡಿಸಿದವನದೇ ಎಂದಾಗ, ನಿನ್ನ ಬೈಗುಳವೂ ಹಾಗೆಯೇ, ನಾನು ತೆಗೆದುಕೊಳ್ಳಲಿಲ್ಲ ಎನ್ನುತ್ತಾರೆ. ಓದು ಮುಗಿದ ಮೇಲೆ ಹಿಂದೆ ಕುಳಿತಿದ್ದ ಒಬ್ಬ ತಂಗಿ ಕೇಳಿದಳು: "ಅಣ್ಣಾ, ಹಂಗಾದ್ರೆ ನಮ್ಮ ಅಜ್ಜಿ, ತಾತನಿಗೆ ಆಗಿದ್ದನ್ನೆಲ್ಲ ಮರೆತುಬಿಡಬೇಕಾ? ನಮಗೆ ಸಿಟ್ಟೇ ಬರಬಾರದಾ?"

ಅಂದು ನನಗೆ ಉತ್ತರ ಹೊಳೆಯಲಿಲ್ಲ. ಈ ವಾರ ಅಂಗಡಿಯಲ್ಲಿ ಹೊಳೆಯಿತು.

ನಾನು ಮೂಡಿಗೆರೆಯಲ್ಲಿ ವೀಡ್ ಕಟರ್, ಸ್ಪ್ರೇ ಮಿಷನ್ ರಿಪೇರಿ ಮಾಡುವವನು. ಕಾಫಿ ತೋಟದ ಲೈನ್ ಮನೆಯಲ್ಲಿ ಹುಟ್ಟಿ ಬೆಳೆದವನು. ನನ್ನ ಅಕ್ಕನ ಮಗ ಮಂಗಳೂರಿನಲ್ಲಿ ಡಿಗ್ರಿ ಓದುತ್ತಾನೆ, ಎನ್‌ಸಿಸಿ ಏರ್ ವಿಂಗ್‌ನಲ್ಲಿದ್ದಾನೆ. ಅಲ್ಲಿ ಮಾದರಿ ವಿಮಾನ ಕಟ್ಟುವುದನ್ನೂ ಕಲಿಸುತ್ತಾರೆ. ರಜೆಗೆ ಕಳಸಕ್ಕೆ ಬಂದವನು ತಾನು ಕಟ್ಟಿದ ವಿಮಾನವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನನ್ನ ಹತ್ತಿರ ತಂದ. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ಎಚ್‌ಟಿ-2 ತರಬೇತಿ ವಿಮಾನದ ಸಣ್ಣ ರೂಪ ಅದು. ಒಳಗೆ ಪುಟ್ಟ ಟೂ-ಸ್ಟ್ರೋಕ್ ಇಂಜಿನ್. ಅದರ ಮೇಲೆ ಮೂಗಿನಂತೆ ಮುಚ್ಚುವ ಕವಚಕ್ಕೆ ಕೌಲ್ ಎನ್ನುತ್ತಾರೆ.

ಇಂಜಿನ್ ನಾಲ್ಕು ನಿಮಿಷ ಓಡಿ ಬಿಸಿಯಾಗಿ ನಿಲ್ಲುತ್ತಿತ್ತು. ಗಾಳಿ ಸಾಲದೆಂದು ಹುಡುಗ ಕೌಲ್‌ನ ಮುಂಬಾಯಿಯನ್ನು ಎರಡು ಸಲ ಅಗಲ ಮಾಡಿದ್ದ. ಆದರೂ ಅದೇ ಕಥೆ. "ಮಾವ, ಬಾಯಿ ಇನ್ನೂ ದೊಡ್ಡದು ಮಾಡ್ಲಾ?" ಎಂದ.

ಕೌಲ್ ತಿರುಗಿಸಿ ನೋಡಿದೆ. ಗಾಳಿ ಹೊರಗೆ ಹೋಗಲು ಕೆಳಗೆ ಬೆರಳು ತೂರುವಷ್ಟೇ ಜಾಗವಿತ್ತು. ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಒಳಗಿನ ಗಾಳಿ ಅಲ್ಲೇ ತುಂಬಿ ನಿಲ್ಲುತ್ತದೆ, ಹೊಸ ಗಾಳಿ ಬಾಯಿಯ ಹತ್ತಿರ ಬಂದು ಪಕ್ಕಕ್ಕೆ ಸರಿದು ಹೋಗುತ್ತದೆ. ಬಿಸಿಯಾದ ಗಾಳಿ ಹಿಗ್ಗುತ್ತದೆ. ಆದ್ದರಿಂದ ಹೊರಬಾಯಿ ಒಳಬಾಯಿಗಿಂತ ದೊಡ್ಡದಿರಬೇಕು, ಒಂದೂವರೆ ಪಟ್ಟಾದರೂ ಬೇಕು. ಇನ್ನೊಂದು ಮಾತು: ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಸಿಲಿಂಡರ್‌ನ ರೆಕ್ಕೆಗಳ ನಡುವೆಯೇ ಹಾಯುವಂತೆ ಒಳಗೆ ತಡೆ ಕಟ್ಟದಿದ್ದರೆ, ಎಷ್ಟು ಗಾಳಿ ಬಂದರೂ ಬಿಸಿ ಇರುವ ಜಾಗಕ್ಕೆ ಮುಟ್ಟುವುದಿಲ್ಲ.

"ಕೌಲನ್ನೇ ಕಿತ್ತು ಹಾಕಿದ್ರೆ?" ಎಂದ. ಹಾಕಬಹುದು. 1920ರ ದಶಕದಲ್ಲಿ ಎಷ್ಟೋ ವಿಮಾನಗಳು ಹಾಗೆಯೇ ಹಾರುತ್ತಿದ್ದವು, ಸಿಲಿಂಡರ್‌ಗಳೆಲ್ಲ ಗಾಳಿಗೆ ಬತ್ತಲು. ಇಂಜಿನ್ ತಣ್ಣಗಾಗುತ್ತಿತ್ತು, ಆದರೆ ಅದರ ಶಕ್ತಿಯ ದೊಡ್ಡ ಪಾಲು ಎದುರುಗಾಳಿಯೊಡನೆ ಗುದ್ದಾಡುವುದಕ್ಕೇ ಹೋಗುತ್ತಿತ್ತು. 1928ರಲ್ಲಿ ಅಮೆರಿಕದ ನಾಕಾ ಸಂಸ್ಥೆಯ ಲ್ಯಾಂಗ್ಲಿ ಪ್ರಯೋಗಾಲಯದವರು ಮತ್ತೆ ಮತ್ತೆ ಪರೀಕ್ಷೆ ಮಾಡಿ, ಇಂಜಿನ್ನನ್ನು ಮುಚ್ಚಿಯೂ ತಂಪಾಗಿಡುವ ಕವಚ ರೂಪಿಸಿದರು. ಅದಕ್ಕೆ 1929ರ ಕೋಲಿಯರ್ ಟ್ರೋಫಿ ಸಿಕ್ಕಿತು.

ಇಷ್ಟು ಹೇಳುತ್ತಿದ್ದಾಗ ತಂಗಿಯ ಪ್ರಶ್ನೆ ನೆನಪಾಯಿತು. ಜೊತೆಗೆ ನನ್ನದೇ ಬದುಕು.

ನಮ್ಮವ್ವ ಕೆಲಸಕ್ಕೆ ಹೋಗುತ್ತಿದ್ದ ತೋಟದಲ್ಲಿ ನಮ್ಮ ಜನಕ್ಕೆ ಕಾಫಿಯನ್ನು ತೆಂಗಿನ ಚಿಪ್ಪಿಗೆ ಮೇಲಿಂದ ಹೊಯ್ಯುತ್ತಿದ್ದರು. ನಾನು ಅವಳ ಸೆರಗು ಹಿಡಿದು ನೋಡುತ್ತಿದ್ದೆ. ದೊಡ್ಡವನಾಗಿ ಅಂಗಡಿ ಇಟ್ಟ ಮೇಲೆ ಅದೇ ತೋಟದ ಮಿಷನ್ನುಗಳು ನನ್ನಲ್ಲಿಗೆ ಬಂದವು. ಅವರೆದುರು ನಗುತ್ತಾ ಕೆಲಸ ಮಾಡಿಕೊಟ್ಟೆ. ಸಂಜೆ ಮನೆಗೆ ಹೋಗಿ ಹೆಂಡತಿ ಮಕ್ಕಳ ಮೇಲೆ ಹರಿಹಾಯ್ದೆ. ವರ್ಷಗಟ್ಟಲೆ ಹೀಗೇ ನಡೆಯಿತು. ಇದನ್ನೇ ನಾನು ತಾಳ್ಮೆ ಎಂದುಕೊಂಡಿದ್ದೆ. ಅದು ಹೊರಬಾಯಿ ಇಲ್ಲದ ಕೌಲ್. ಸುಟ್ಟದ್ದು ನನ್ನ ಮನೆ.

ಹಾಗೆಂದು ಸಿಟ್ಟನ್ನು ಬತ್ತಲು ಬಿಟ್ಟು ಕಂಡಕಂಡಲ್ಲಿ ಕೂಗಾಡುವವರನ್ನೂ ನೋಡಿದ್ದೇನೆ. ಅವರ ಶಕ್ತಿಯೆಲ್ಲ ಗುದ್ದಾಟಕ್ಕೇ ಮುಗಿದು, ಪಯಣ ಮುಂದೆ ಸಾಗಲಿಲ್ಲ.

ಬಾಬಾಸಾಹೇಬರನ್ನು ನೋಡಿ. 1927ರ ಮಾರ್ಚ್ 20ರಂದು ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ ನಮ್ಮವರ ಮೇಲೆ ಹಲ್ಲೆ ನಡೆಯಿತು. ತಿರುಗಿ ಹೊಡೆಯಲು ಸಿದ್ಧರಾಗಿದ್ದವರನ್ನು ಅವರು ತಡೆದರು. ಮರೆತರೇ? ಇಲ್ಲ. ಅದೇ ವರ್ಷ ಡಿಸೆಂಬರ್ 25ರಂದು ಮನುಸ್ಮೃತಿಯನ್ನು ಸುಟ್ಟರು. ಕೆರೆಯ ಮೊಕದ್ದಮೆಯನ್ನು ಬಿಡದೆ ನಡೆಸಿ, 1937ರಲ್ಲಿ ಬಾಂಬೆ ಹೈಕೋರ್ಟಿನಲ್ಲಿ ಗೆದ್ದರು. ಹತ್ತು ವರ್ಷ ಆ ಬೆಂಕಿ ಆರಲಿಲ್ಲ. ಯಾರ ಮನೆಯನ್ನೂ ಸುಡಲಿಲ್ಲ.

ಬುದ್ಧರೂ ಎಲ್ಲ ಮಾತಿಗೂ ಸುಮ್ಮನಿದ್ದವರಲ್ಲ. ಇನ್ನೊಬ್ಬ ಬ್ರಾಹ್ಮಣ ಅವರನ್ನು 'ವಸಲ', ಅಂದರೆ ಹೊಲಸು ಜಾತಿಯವನು, ಎಂದು ಕರೆದಾಗ ಅವರು ಅಲ್ಲೇ ನಿಂತು ಉತ್ತರ ಕೊಟ್ಟರು: ಯಾರೂ ಹುಟ್ಟಿನಿಂದ ವಸಲನಾಗುವುದಿಲ್ಲ, ನಡತೆಯಿಂದ ಆಗುತ್ತಾನೆ ಎಂದು. ಬೈಗುಳವನ್ನು ಒಳಗೆ ತೆಗೆದುಕೊಳ್ಳದಿರುವುದು ಒಂದು, ಅನ್ಯಾಯವನ್ನು ಒಪ್ಪಿಕೊಳ್ಳುವುದು ಇನ್ನೊಂದು. ಎರಡನ್ನೂ ಒಂದೇ ಎಂದು ತಿಳಿದದ್ದು ನನ್ನ ತಪ್ಪು.

ಆದ್ದರಿಂದ ತಂಗಿಗೆ ನನ್ನ ಉತ್ತರ ಇದು. ಮರೆಯಬೇಡ. ಸಿಟ್ಟು ಬಂದರೆ ನಾಚಬೇಡ, ಓಡುವ ಇಂಜಿನ್ ಬಿಸಿಯಾಗಿಯೇ ಆಗುತ್ತದೆ. ಆದರೆ ಆ ಬಿಸಿ ಯಾವ ದಾರಿಯಿಂದ ಹೊರಗೆ ಹೋಗುತ್ತಿದೆ ಎಂದು ದಿನಾ ನೋಡಿಕೋ. ಮಕ್ಕಳ ಮೇಲೋ, ಓದಿಗೋ, ಸಂಘಟನೆಗೋ, ಒಂದು ಅರ್ಜಿಗೋ? ಸಮ್ಮಾಸತಿ ಎಂದರೆ ಈ ನೋಟವೇ. ನಾವು ಓದುವ ಧಮ್ಮ ತಲೆಯ ಸುತ್ತ ಸುಳಿದು ಹೋಗದೆ, ನಮ್ಮೊಳಗೆ ಎಲ್ಲಿ ಉರಿಯುತ್ತಿದೆಯೋ ಅಲ್ಲಿಗೇ ಮುಟ್ಟಬೇಕು.

ನಾನೂ ತಡವಾಗಿ ಒಂದು ದಾರಿ ತೆರೆದಿದ್ದೇನೆ. ಶನಿವಾರ ಸಂಜೆ ಲೈನ್ ಮನೆಯ ಇಬ್ಬರು ಹುಡುಗರಿಗೆ ಇಂಜಿನ್ ಕೆಲಸ ಕಲಿಸುತ್ತಿದ್ದೇನೆ. ಅವ್ವನ ಚಿಪ್ಪಿನ ಕಥೆಯನ್ನೂ ಅವರಿಗೆ ಹೇಳಿದೆ. ಹೆಂಡತಿಯ ಹತ್ತಿರ ಕ್ಷಮೆ ಕೇಳಿದೆ.

ಹುಡುಗ ಮುಂಬಾಯಿ ಕಿರಿದು ಮಾಡಿ, ತೆಳು ಪ್ಲೈವುಡ್ಡಿನ ತಡೆ ಕೂರಿಸಿ, ಕೆಳಗಿನ ದಾರಿ ಅಗಲ ಮಾಡಿದ. ಕೊಯ್ಲಾದ ಗದ್ದೆಯ ಮೇಲೆ ವಿಮಾನ ಟ್ಯಾಂಕಿನ ಎಣ್ಣೆ ಮುಗಿಯುವವರೆಗೂ ಹಾರಿತು.

ಇಂದು ಮಲಗುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳೋಣ: ಈ ದಿನದ ನನ್ನ ಬಿಸಿ ಯಾವ ದಾರಿಯಿಂದ ಹೋಯಿತು?

ಭವತು ಸಬ್ಬ ಮಂಗಲಂ. ಜೈ ಭೀಮ್.