ಮಾರುವವನ ಮೌನ

ಕೇಳಿದ ಪ್ರಶ್ನೆಗೆ ಸುಳ್ಳು ಹೇಳದಿದ್ದರೆ ಸಾಕೇ, ಅಥವಾ ಕೇಳದಿದ್ದರೂ ಹೇಳಬೇಕಾದುದನ್ನು ಹೇಳುವುದೂ ಸತ್ಯದಲ್ಲಿ ಸೇರಿದೆಯೇ? ವ್ಯವಹಾರಕ್ಕಿಳಿದ ಪ್ರತಿಯೊಬ್ಬನಿಗೂ ಒಂದಲ್ಲ ಒಂದು ದಿನ ಈ ಪ್ರಶ್ನೆ ಎದುರಾಗುತ್ತದೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡುತ್ತಾನೆ, ನಡೆಸಿ ನೋಡುತ್ತಾನೆ. ಉಳಿದುದನ್ನು ಮಾರುವವನ ಮಾತಿಗೆ ಬಿಡುತ್ತಾನೆ. ನಮಗೆ ತೀರ ದೂರವಾದ ಒಂದು ವ್ಯಾಪಾರದಲ್ಲಿ ಈ ಪ್ರಶ್ನೆಯ ಸ್ವರೂಪ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅದು ಅಮೆರಿಕದಲ್ಲಿ ನಡೆಯುವ ಹಳೆಯ ಜೆಟ್ ವಿಮಾನಗಳ ಕ್ರಯವಿಕ್ರಯ.

ಉದ್ಯಮಿಗಳು ಸ್ವಂತ ಪ್ರಯಾಣಕ್ಕೆ ಬಳಸುವ ಮಧ್ಯಮ ಗಾತ್ರದ ವಿಮಾನಗಳಲ್ಲಿ ಹಾಕರ್ 800 ಪ್ರಸಿದ್ಧವಾದುದು. 1962ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ ಡಿ ಹ್ಯಾವಿಲೆಂಡ್ 125ರ ವಂಶಕ್ಕೆ ಸೇರಿದ ಇದಕ್ಕೆ ಎರಡು ಎಂಜಿನುಗಳು, ಸಾಮಾನ್ಯವಾಗಿ ಎಂಟು ಮಂದಿಗೆ ಆಸನಗಳು. ಇದರ ತಯಾರಿಕೆ ಈಗ ನಿಂತಿದೆ. ಬೇಕೆಂದವನು ಇನ್ನೊಬ್ಬರು ಬಳಸಿದುದನ್ನೇ ಕೊಳ್ಳಬೇಕು.

ಕೊಳ್ಳುವವನು ಮೊದಲು ಒಕ್ಲಹೋಮ ನಗರದಲ್ಲಿರುವ ಸರ್ಕಾರಿ ನೋಂದಣಿ ಕಚೇರಿಯ ದಾಖಲೆಗಳಲ್ಲಿ ವಿಮಾನದ ಮೇಲೆ ಸಾಲವಿದೆಯೇ ಎಂದು ಹುಡುಕಿಸುತ್ತಾನೆ. ಬಳಿಕ ತಜ್ಞರು ಹಲಗೆಗಳನ್ನು ಬಿಚ್ಚಿ, ತುಕ್ಕು ಹಿಡಿದಿದೆಯೇ ಎಂದು ನೋಡುತ್ತಾರೆ. ನಳಿಗೆಯಂತಹ ದರ್ಶಕವನ್ನು ಎಂಜಿನಿನೊಳಗೆ ತೂರಿಸಿ ಪರೀಕ್ಷಿಸುತ್ತಾರೆ. ಆದರೆ ಎಲ್ಲಕ್ಕಿಂತ ಹೆಚ್ಚಾಗಿ ಅವರು ಓದುವುದು ವಿಮಾನದ ದಿನಚರಿಯನ್ನು. ದುರಸ್ತಿ ಮಾಡಿದವನು ತಾನು ಮಾಡಿದ ಕೆಲಸವನ್ನು ಬರೆದು, ದಿನಾಂಕ ನಮೂದಿಸಿ, ಸಹಿ ಹಾಕಬೇಕೆಂಬುದು ಅಲ್ಲಿಯ ನಿಯಮ. ಎಂಜಿನಿನಲ್ಲಿ ತಿರುಗುವ ಕೆಲವು ಚಕ್ರಗಳಿಗೆ ಇಷ್ಟು ಹಾರಾಟಗಳೆಂದು ಆಯುಷ್ಯ ನಿಗದಿಯಾಗಿರುತ್ತದೆ. ಚಕ್ರ ಎಷ್ಟೇ ಹೊಳೆಯುತ್ತಿರಲಿ, ಹುಟ್ಟಿನಿಂದ ಅದರ ಲೆಕ್ಕ ದೊರೆಯದಿದ್ದರೆ ಯಾರೂ ಅದನ್ನು ನಂಬಿ ಬಳಸುವುದಿಲ್ಲ. ಮುಖ ಕಾಣದ ಎಷ್ಟೋ ಕೆಲಸಗಾರರ ಪ್ರಾಮಾಣಿಕತೆಗೇ ಇಲ್ಲಿ ಬೆಲೆ ಕಟ್ಟಿದಂತಾಯಿತು.

ಇಷ್ಟಾದರೂ ಕರಾರುಪತ್ರಗಳಲ್ಲಿ 'ಇದ್ದದ್ದು ಇದ್ದಂತೆ' ಮಾರಿದೆ ಎಂಬ ಷರತ್ತು ಸಾಮಾನ್ಯ. ಸಹಿ ಬಿದ್ದ ಮೇಲೆ ಕಂಡ ದೋಷ ಕೊಂಡವನದು. ಇದರ ಆಸರೆಯಲ್ಲಿ ಮಾರುವವನು ಹೀಗೆ ವಾದಿಸಬಹುದು: 'ಅವನು ತನ್ನ ತಜ್ಞರನ್ನು ಕಳುಹಿಸಿದ, ನಾನು ಯಾವುದನ್ನೂ ತಡೆಯಲಿಲ್ಲ, ಅವರಿಗೆ ಕಾಣದಿದ್ದರೆ ತಪ್ಪು ನನ್ನದೇ?'

ಈ ವಾದ ಬಲವಾದುದೇ ಸರಿ, ಆದರೆ ಪೂರ್ಣವಲ್ಲ. ತಜ್ಞರು ಕೆಲವು ದಿನ ಮಾತ್ರ ನೋಡಿದ್ದಾರೆ. ಒಡೆಯನು ವರ್ಷಗಟ್ಟಲೆ ಬಳಸಿದ್ದಾನೆ. ಒಂದು ಮಳೆಯ ರಾತ್ರಿ ವಿಮಾನವು ನೆಲಕ್ಕೆ ಬಡಿದಂತೆ ಇಳಿದುದು, ಅದನ್ನು ಯಾರೂ ಬರೆಯದೆ ಬಿಟ್ಟುದು ಅವನಿಗೆ ಗೊತ್ತಿದ್ದರೆ, ಅವನ ಮೌನ ಬರಿಯ ಮೌನವಾಗಿ ಉಳಿಯುವುದಿಲ್ಲ. ಕರಾರಿಗೆ ಸಹಿ ಹಾಕಿದವರು ಇಬ್ಬರೇ. ನಾಳೆ ಅದರಲ್ಲಿ ಕುಳಿತುಕೊಳ್ಳುವ ಚಾಲಕ, ಪ್ರಯಾಣಿಕರು ಯಾವ ಷರತ್ತಿಗೂ ಒಪ್ಪಿದವರಲ್ಲ. ಅವರ ಪ್ರಾಣವನ್ನು 'ಇದ್ದದ್ದು ಇದ್ದಂತೆ' ಮಾರಲು ಇವರಿಬ್ಬರಿಗೂ ಅಧಿಕಾರವಿಲ್ಲ. ಅಗ್ಗದ ಬೆಲೆಯ ಆಸೆಗೆ ಕೇಳಬೇಕಾದುದನ್ನು ಕೇಳದೆ ಬಿಡುವ ಕೊಳ್ಳುವವನೂ ಈ ದೋಷದಲ್ಲಿ ಪಾಲುಗಾರನೇ.

'ಹಾಗೆ ಹೇಳಿದರೆ ನಷ್ಟವಾಗುವುದಿಲ್ಲವೇ?' ಎಂದು ವಾಚಕರು ಕೇಳಬಹುದು. ಬೆಲೆ ಇಳಿಯುವುದು ನಿಜ. ಆದರೆ ದೋಷವನ್ನು ಬಚ್ಚಿಟ್ಟು ಪಡೆಯುವ ಹೆಚ್ಚಿನ ಹಣ ಅವನಿಗೆ ಎಂದೂ ಸಲ್ಲತಕ್ಕದ್ದಾಗಿರಲಿಲ್ಲ. ತನ್ನದಲ್ಲದುದು ಕೈಸೇರದಿದ್ದರೆ ಅದನ್ನು ನಷ್ಟವೆನ್ನುವುದು ಹೇಗೆ?

ಹಾಗೆಂದು ಆಸನದ ಮೇಲಿನ ಪ್ರತಿ ಗೀರನ್ನೂ ಡಂಗುರ ಸಾರಬೇಕೆಂದಲ್ಲ. ಅಳತೆಗೋಲು ಒಂದಿದೆ: ಈ ವಿಮಾನದಲ್ಲಿ ನಾಳೆ ನನ್ನ ಮಗನೇ ಕುಳಿತು ಹೋಗುವನಾದರೆ, ಅದನ್ನು ಕೊಳ್ಳುವವನಿಗೆ ಏನೇನು ತಿಳಿದಿರಬೇಕೆಂದು ನಾನು ಬಯಸುತ್ತಿದ್ದೆ? ಅಷ್ಟನ್ನು ಕೇಳುವ ಮುನ್ನವೇ ಹೇಳಬೇಕು. ವಿಮಾನವನ್ನು ಮಾರುವವರು ನಮ್ಮಲ್ಲಿ ವಿರಳ. ಮನೆ, ಹೊಲ, ವಾಹನ, ದನಕರುಗಳನ್ನು ಮಾರುವವರು ಬಹಳ. ಅಳತೆಗೋಲು ಮಾತ್ರ ಎಲ್ಲರಿಗೂ ಅದೇ.